ಕಂಪನಿ ಕೈಬಿಡುವ ಮುನ್ನ: ಹಳೆಯ ಲೆನ್ಸ್, ಫಿಲ್ಮ್ ಕ್ಯಾಮೆರಾಗಳಿಗೆ ಈಗಲೇ ಮಾಡಬೇಕಾದ ಕೆಲಸ

ಹಳೆಯ ಮಾಡೆಲ್‌ಗಳ ರಿಪೇರಿಯನ್ನು ಎಷ್ಟು ವರ್ಷ ಮುಂದುವರಿಸುತ್ತೇವೆ ಎಂದು ಕ್ಯಾಮೆರಾ ಕಂಪನಿ ಬಾಯಿಬಿಟ್ಟು ಹೇಳದಿದ್ದಾಗ ಹೆಚ್ಚಿನವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಗಾಬರಿಯಿಂದ ಎಲ್ಲವನ್ನೂ ಮಾರಿಬಿಡುತ್ತಾರೆ, ಇಲ್ಲವೇ ಕೆಟ್ಟಾಗ ನೋಡಿಕೊಂಡರಾಯಿತು ಎಂದು ಸುಮ್ಮನಿರುತ್ತಾರೆ. ಮಾಡಬೇಕಾದ್ದು ಬೇರೆಯೇ ಇದೆ. ನಿಮ್ಮಲ್ಲಿರುವ ಪ್ರತಿಯೊಂದು ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಪ್ರತಿಯೊಂದು ಲೆನ್ಸಿನಲ್ಲಿ ಮೊದಲು ಸಾಯುವ ಭಾಗ ಯಾವುದು, ಕಂಪನಿಯ ನೆರವಿಲ್ಲದೆ ಅದನ್ನು ಸರಿಪಡಿಸಲು ಸಾಧ್ಯವೇ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಉತ್ತರ ಸಿಕ್ಕ ಮೇಲೆ ಹಣವನ್ನೂ ಸಮಯವನ್ನೂ ಯಾವುದಕ್ಕೆ ಮೊದಲು ಹಾಕಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಆ ಸರದಿ ನಾವು ಅಂದುಕೊಂಡದ್ದಕ್ಕೆ ತಲೆಕೆಳಗಾಗಿರುತ್ತದೆ: 1960ರ ದಶಕದ ಕ್ಯಾಮೆರಾ ಕಾಯಬಲ್ಲದು, 2000ದ ಕ್ಯಾಮೆರಾ ಕಾಯಲಾರದು.

ಕಂಪನಿಗಳು ಫಿಲ್ಮ್ ಕ್ಯಾಮೆರಾಗಳನ್ನು ಕೈಬಿಟ್ಟ ಬಗೆ ನೋಡಿ. ನಿಕಾನ್ ಎಫ್6 ಬಂದದ್ದು 2004ರಲ್ಲಿ, ನಿಂತದ್ದು 2020ರಲ್ಲಿ. ಕ್ಯಾನನ್ ತನ್ನ ಕೊನೆಯ ಫಿಲ್ಮ್ ಕ್ಯಾಮೆರಾ ಇಒಎಸ್-1ವಿ ಮಾರಾಟ ಮುಗಿಯಿತೆಂದು 2018ರಲ್ಲಿ ಪ್ರಕಟಿಸಿತು. ರಿಪೇರಿಗೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಅಂದರೆ ಸುಮಾರು ಏಳು ವರ್ಷ. ಗಡುವು ಕೊಟ್ಟರೂ ಬಿಡಿಭಾಗ ಅದಕ್ಕೂ ಮೊದಲೇ ಖಾಲಿಯಾದರೆ ಕ್ಯಾಮೆರಾ ರಿಪೇರಿಯಾಗದೆ ವಾಪಸ್ ಬರಬಹುದು. ಆದ್ದರಿಂದ ಗಡುವಿನ ಕೊನೆಯ ವರ್ಷವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ.

ಮೊದಲು ವಿಂಗಡಿಸಿ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಬಾಡಿಯ ಹೆಸರು, ಸೀರಿಯಲ್ ನಂಬರ್, ಬ್ಯಾಟರಿ, ಮೌಂಟ್ (ಲೆನ್ಸ್ ಕೂರುವ ಜೋಡಣೆ) ಬರೆದುಕೊಳ್ಳಿ. ಆಮೇಲೆ ಬ್ಯಾಟರಿ ತೆಗೆದು ಶಟರ್ ಒತ್ತಿ ನೋಡಿ. ಈ ಒಂದೇ ಪರೀಕ್ಷೆ ನಿಮ್ಮ ಬಾಡಿಗಳನ್ನು ಮೂರು ಗುಂಪು ಮಾಡುತ್ತದೆ.

ಬ್ಯಾಟರಿ ಇಲ್ಲದೆಯೂ ಎಲ್ಲ ಸ್ಪೀಡ್‌ಗಳೂ (ಶಟರ್ ತೆರೆದಿರುವ ಅವಧಿಗಳು) ನಡೆದರೆ ಅದು ಪೂರ್ತಿ ಯಾಂತ್ರಿಕ. ನಿಕಾನ್ ಎಫ್2, ಎಫ್‌ಎಂ, ಎಫ್‌ಎಂ2, ಪೆಂಟಾಕ್ಸ್ ಕೆ1000, ಒಲಿಂಪಸ್ ಒಎಂ-1, ಲೈಕಾ ಎಂ3 ಈ ಸಾಲಿನವು. ಒಳಗಿರುವುದು ಹಲ್ಲುಚಕ್ರ, ಸ್ಪ್ರಿಂಗ್, ಶಟರಿನ ಪರದೆ. ಕೆಟ್ಟರೆ ಶುಚಿ ಮಾಡಿ, ಎಣ್ಣೆ ಬದಲಿಸಿ, ಅಳತೆ ಕೂಡಿಸಬಹುದು. ಮುರಿದ ಭಾಗವನ್ನು ಇನ್ನೊಂದು ಬಾಡಿಯಿಂದ ತಂದು ಹಾಕಬಹುದು. ಇವುಗಳಿಗೆ ಕಂಪನಿಯ ಹಂಗು ಇಲ್ಲ.

ರೋಲನ್ನು ಕೈಯಲ್ಲೇ ಸುತ್ತಬೇಕು, ಆದರೆ ಬ್ಯಾಟರಿ ಇಲ್ಲದೆ ಶಟರ್ ಸತ್ತಂತಿರುತ್ತದೆ ಅಥವಾ ಒಂದೇ ಸ್ಪೀಡ್‌ನಲ್ಲಿ ನಡೆಯುತ್ತದೆ ಎಂದರೆ ಅದು ಎರಡನೆಯ ಗುಂಪು. ಕ್ಯಾನನ್ ಎಇ-1, ಎ-1, ಮಿನೋಲ್ಟಾ ಎಕ್ಸ್-700 ಬ್ಯಾಟರಿ ಇಲ್ಲದೆ ಅಲುಗಾಡುವುದಿಲ್ಲ. ನಿಕಾನ್ ಎಫ್‌ಇ2 ಮಾತ್ರ ಎಂ250ರಲ್ಲಿ (1/250 ಸೆಕೆಂಡ್), ಪೆಂಟಾಕ್ಸ್ ಎಂಇ ಸೂಪರ್ 125ಎಕ್ಸ್‌ನಲ್ಲಿ (1/125 ಸೆಕೆಂಡ್) ನಡೆಯುತ್ತವೆ. ಇವುಗಳಲ್ಲಿ ಕೆಪಾಸಿಟರ್‌ನಂಥ ಸಾಮಾನ್ಯ ಭಾಗ ಹೊರಗೆ ಸಿಗುತ್ತದೆ. ಕಂಪನಿಯೇ ವಿನ್ಯಾಸ ಮಾಡಿದ ಐಸಿ, ಬಾಗುವ ಸರ್ಕ್ಯೂಟ್ ಹಾಳೆ ಸಿಗುವುದಿಲ್ಲ. 2001ರಿಂದ 2006ರವರೆಗೆ ತಯಾರಾದ ನಿಕಾನ್ ಎಫ್‌ಎಂ3ಎ ಎರಡು ಗುಂಪಿಗೂ ಸೇರುತ್ತದೆ. ಆಟೊದಲ್ಲಿ ಎಲೆಕ್ಟ್ರಾನಿಕ್, ಬ್ಯಾಟರಿ ಸತ್ತರೆ ಎಲ್ಲ ಸ್ಪೀಡ್‌ಗಳೂ ಯಾಂತ್ರಿಕ.

ಮೂರನೆಯದು ಆಟೊಫೋಕಸ್, ಮೋಟಾರಿನಿಂದ ರೋಲ್ ಸುತ್ತುವ, ಎಲ್‌ಸಿಡಿ ಇರುವ ಬಾಡಿಗಳು: ನಿಕಾನ್ ಎಫ್5, ಎಫ್100, ಎಫ್6, ಕ್ಯಾನನ್ ಇಒಎಸ್ ಸಾಲು, ಕಾಂಟಾಕ್ಸ್ ಜಿ ಸಾಲು. ಮುಖ್ಯ ಬೋರ್ಡ್ ಕೆಟ್ಟರೆ ಕಂಪನಿಯ ಬಿಡಿಭಾಗವೇ ಬೇಕು. ನಿಮ್ಮಲ್ಲಿರುವ ಅತ್ಯುತ್ತಮ ಫಿಲ್ಮ್ ಬಾಡಿ ಬಹುಶಃ ಈ ಗುಂಪಿನಲ್ಲೇ ಇರುತ್ತದೆ. ಸರ್ವಿಸಿಗೆ ಮೊದಲು ಹೋಗಬೇಕಾದದ್ದು ಇದೇ.

ಲೆನ್ಸುಗಳನ್ನೂ ಹೀಗೇ ನೋಡಿ. ಕೈಯಿಂದ ಫೋಕಸ್ ಮಾಡುವ ಲೆನ್ಸಿಗೆ ಆತಂಕವಿಲ್ಲ. ಬಾಡಿಯೊಳಗಿನ ಮೋಟಾರು ತಿರುಗಿಸುವ ಸ್ಕ್ರೂ ಡ್ರೈವ್ ಲೆನ್ಸಿಗೂ ಅಷ್ಟಾಗಿ ಇಲ್ಲ. ಮೋಟಾರು ತನ್ನೊಳಗೇ ಇರುವ ಲೆನ್ಸ್ ಚಿಂತೆ ತರುತ್ತದೆ. ಎಲ್ಲಕ್ಕಿಂತ ಅಪಾಯದಲ್ಲಿರುವುದು ಫೋಕಸ್ ರಿಂಗಿಗೂ ಗಾಜಿಗೂ ನೇರ ಸಂಬಂಧವೇ ಇಲ್ಲದ ಲೆನ್ಸುಗಳು. ಕ್ಯಾನನ್ನಿನ ಇಎಫ್ 50 ಎಂಎಂ ಎಫ್/1.0, 85 ಎಂಎಂ ಎಫ್/1.2, 200 ಎಂಎಂ ಎಫ್/1.8 ಲೆನ್ಸುಗಳಲ್ಲಿ ರಿಂಗ್ ತಿರುಗಿಸಿದರೂ ಗಾಜನ್ನು ಸರಿಸುವುದು ಮೋಟಾರೇ. ಮೋಟಾರು ಹೋದರೆ ಕೈಯಿಂದಲೂ ಫೋಕಸ್ ಆಗುವುದಿಲ್ಲ. ಕೈಯಲ್ಲಿ ಉಳಿಯುವುದು ಬೆಲೆಬಾಳುವ ಗಾಜಿನ ಗುಂಡು.

ಕಂಪನಿಗೆ ಏನು ಕೇಳಬೇಕು

'ಸರ್ವಿಸ್ ಇದೆಯೇ?' ಎಂದು ಫೋನಿನಲ್ಲಿ ಕೇಳಿದರೆ 'ಕಳಿಸಿ, ನೋಡೋಣ' ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಬರಹದಲ್ಲಿ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಹಾಕಿ ಕೇಳಿ. ಈ ಮಾಡೆಲನ್ನು ರಿಪೇರಿಗೆ ತೆಗೆದುಕೊಳ್ಳುವ ಕೊನೆಯ ದಿನಾಂಕ ಗೊತ್ತಾಗಿದೆಯೇ? ಶಟರ್ ಘಟಕ, ಮುಖ್ಯ ಬೋರ್ಡ್, ಎಲ್‌ಸಿಡಿ (ಲೆನ್ಸಾದರೆ ಫೋಕಸ್ ಮೋಟಾರು, ಬೆಳಕಿನ ಕಿಂಡಿಯಾದ ಅಪರ್ಚರಿನ ಘಟಕ) ಸ್ಟಾಕಿನಲ್ಲಿವೆಯೇ? ಭಾಗ ಸಿಗದಿದ್ದರೂ ಶುಚಿ ಮಾಡಿ ಅಳತೆ ಕೂಡಿಸುವ ಕೆಲಸ ಮಾಡಿಕೊಡುತ್ತೀರಾ? ಈ ಮೂರನೆಯ ಪ್ರಶ್ನೆ ಮರೆಯಬೇಡಿ. ಬಿಡಿಭಾಗ ಮುಗಿದ ಮೇಲೂ ಅಳತೆಯ ಉಪಕರಣ, ಅನುಭವಿ ಕೈ ಕೆಲವು ಕಾಲ ಅಲ್ಲೇ ಇರುತ್ತವೆ.

ಅದೇ ವಾರ ಕಂಪನಿಯ ತಾಣದಿಂದ ಬಳಕೆಯ ಕೈಪಿಡಿ, ಲೆನ್ಸ್ ಹೊಂದಾಣಿಕೆಯ ಪಟ್ಟಿ ಇಳಿಸಿಟ್ಟುಕೊಳ್ಳಿ. ಸಾಫ್ಟ್‌ವೇರ್ ಬೇಕಾಗುವ ಬಾಡಿಯಿದ್ದರೆ ಅದಕ್ಕೆ ಇನ್ನೂ ಹೆಚ್ಚು ಗಮನ ಕೊಡಿ. ಇಒಎಸ್-1ವಿಯ ಪರ್ಸನಲ್ ಫಂಕ್ಷನ್‌ಗಳನ್ನು ಬದಲಿಸಬೇಕಾದರೆ ಇಎಸ್-ಇ1 ಎಂಬ ಸಾಫ್ಟ್‌ವೇರೂ ಅದರ ಕೇಬಲ್ಲೂ ಬೇಕು. ಅದು ಹಳೆಯ ವಿಂಡೋಸಿಗಾಗಿ ಬಂದದ್ದು. ಆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದರೆ ಆ ಸೆಟ್ಟಿಂಗ್‌ಗಳು ಇದ್ದಲ್ಲೇ ಉಳಿಯುತ್ತವೆ.

ಶಟರ್ ಪರೀಕ್ಷೆ

ಏನು ಕೆಟ್ಟಿದೆ ಎಂದು ತಿಳಿಯದೆ ಸರ್ವಿಸಿಗೆ ಕಳಿಸಿದರೆ ಏನು ಸರಿಯಾಯಿತು ಎಂಬುದೂ ತಿಳಿಯುವುದಿಲ್ಲ. ನಿಧಾನದ ಸ್ಪೀಡ್‌ಗಳನ್ನು ಅಳೆಯಲು ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲ್ ಸಾಕು.

ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಬೆಳಕಿರುವ ಕಿಟಕಿಯತ್ತ ತಿರುಗಿಸಿ ನಿಲ್ಲಿಸಿ. ಎಲ್‌ಇಡಿ ದೀಪ ಬೇಡ, ಅದು ಮಿನುಗುವುದರಿಂದ ಎಣಿಕೆ ತಪ್ಪುತ್ತದೆ. ಹಿಂದಿನಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆಯುತ್ತ ಶಟರ್ ಒತ್ತಿ. ಆಮೇಲೆ ಬೆಳಕು ಕಂಡ ಫ್ರೇಮುಗಳನ್ನು ಒಂದೊಂದಾಗಿ ಎಣಿಸಿ. 1 ಸೆಕೆಂಡಿಗೆ 240, 1/2ಕ್ಕೆ 120, 1/4ಕ್ಕೆ 60, 1/8ಕ್ಕೆ 30, 1/15ಕ್ಕೆ 16, 1/30ಕ್ಕೆ 8 ಬರಬೇಕು. 1/8ರಲ್ಲಿ 45 ಬಂದರೆ ಅರ್ಧ ಸ್ಟಾಪಿಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ) ಸ್ವಲ್ಪ ಹೆಚ್ಚೇ ನಿಧಾನ ಎಂದರ್ಥ. 1/60ಕ್ಕೆ ನಾಲ್ಕೇ ಫ್ರೇಮ್ ಸಿಗುವುದರಿಂದ ಅಲ್ಲಿಂದ ಮುಂದೆ ಈ ಲೆಕ್ಕವನ್ನು ನಂಬಬೇಡಿ.

ಪ್ರತಿ ಸ್ಪೀಡನ್ನೂ ಐದು ಸಲ ಒತ್ತಿ. ಮೊದಲ ಸಲ 50, ಐದನೆಯ ಸಲ 32 ಎಂದು ಬಂದರೆ ನಿಧಾನದ ಸ್ಪೀಡ್‌ಗಳ ಹಲ್ಲುಚಕ್ರದಲ್ಲಿ ಹಳೆಯ ಎಣ್ಣೆ ಅಂಟಾಗಿದೆ. ಇದು ಶುಚಿ ಮಾಡಿದರೆ ಹೋಗುವ ಕಾಯಿಲೆ, ಬಿಡಿಭಾಗ ಬೇಡ. ಐದೂ ಸಲ ಒಂದೇ ತಪ್ಪು ಬಂದರೆ ಅಳತೆ ಕೂಡಿಸಬೇಕು.

ವೇಗದ ಸ್ಪೀಡ್‌ಗಳನ್ನು ಫಿಲ್ಮಿನಲ್ಲೇ ನೋಡಬೇಕು. ಸಮನಾಗಿ ಬೆಳಕು ಬಿದ್ದ ಬಿಳಿ ಗೋಡೆಯನ್ನು 1/1000, 1/500, 1/250, 1/125ರಲ್ಲಿ, ಪ್ರತಿ ಸಲ ಅಪರ್ಚರನ್ನು ಒಂದು ಸ್ಟಾಪ್ ಕಿರಿದು ಮಾಡುತ್ತ ತೆಗೆಯಿರಿ. ನಾಲ್ಕೂ ನೆಗೆಟಿವ್ ಒಂದೇ ದಟ್ಟಣೆ ತೋರಬೇಕು. 1/1000ದ ಫ್ರೇಮಿನ ಒಂದು ಅಂಚು ಮಾತ್ರ ತೆಳುವಾದರೆ ಎರಡು ಪರದೆಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ. ಹಿಂದಿನದು ಮುಂದಿನದನ್ನು ಹಿಡಿಯುತ್ತಿದೆ. ಬಟ್ಟೆಯ ಪರದೆ ಅಡ್ಡಡ್ಡ ಓಡುವ ಬಾಡಿಗಳಲ್ಲಿ ಇದು ಮಾಮೂಲು. ಸ್ಪ್ರಿಂಗಿನ ಬಿಗಿ ಹೆಚ್ಚಿಸಿ ಇದನ್ನು ಮುಚ್ಚಿಹಾಕುವವರಿದ್ದಾರೆ. ಒಣಗಿದ ಬೇರಿಂಗನ್ನು ಶುಚಿ ಮಾಡದೆ ಸ್ಪ್ರಿಂಗ್ ಬಿಗಿದರೆ ಮುಂದೆ ಪರದೆ ಎಳೆಯುವ ಪಟ್ಟಿಯೇ ಹರಿಯಬಹುದು, ಒಪ್ಪಬೇಡಿ.

ಇಒಎಸ್ 650, 620, 600ರಂಥ ಹಳೆಯ ಬಾಡಿಗಳಿದ್ದರೆ ಹಿಂಬಾಗಿಲು ತೆರೆದಾಗ ಶಟರಿನ ಅಲಗುಗಳನ್ನು ಓರೆ ಬೆಳಕಿನಲ್ಲಿ ನೋಡಿ. ಟಾರಿನಂಥ ಕಪ್ಪು ಮೆತ್ತಿದ್ದರೆ ಅದು ಒಳಗಿನ ರಬ್ಬರ್ ತಡೆ ಕರಗಿ ಸೋರಿದ್ದು. ಅದೇ ಅಲಗುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಹಲವು ದಿನ ಇಟ್ಟು ಒತ್ತಿದ ಮೊದಲ ಫ್ರೇಮ್ ಕಪ್ಪಾಗಿ ಬರುತ್ತದೆ. ಹತ್ತಿಕಡ್ಡಿಗೆ ಲೈಟರ್ ಫ್ಲೂಯಿಡ್ ಒಂದು ಹನಿ ಮುಟ್ಟಿಸಿ, ಒತ್ತದೆ, ಅಲಗಿನ ಉದ್ದಕ್ಕೆ ಸವರಿ. ಪ್ರತಿ ಸವರಿಕೆಗೆ ಹೊಸ ಕಡ್ಡಿ. ರಬ್ಬರ್ ಒಳಗೇ ಇರುವವರೆಗೂ ಕಪ್ಪು ಮತ್ತೆ ಬರುತ್ತದೆ. ಕೆಲವು ತಿಂಗಳ ಉಪಶಮನ ಅಷ್ಟೆ. ಪೂರ್ತಿ ಗುಣವಾಗಲು ಬಾಡಿ ಬಿಚ್ಚಿ ಆ ರಬ್ಬರನ್ನು ತೆಗೆಯಬೇಕು.

ಮೀಟರ್ ಮತ್ತು ಬ್ಯಾಟರಿ

1960, 70ರ ದಶಕದ ಬಹಳಷ್ಟು ಬಾಡಿಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ, ಅಂದರೆ ಪಿಎಕ್ಸ್625ಕ್ಕೆ, ಹೊಂದಿಸಿದವು. ಅದು ಈಗ ಮಾರುಕಟ್ಟೆಯಲ್ಲಿಲ್ಲ. ಅದೇ ಅಳತೆಯ 1.5 ವೋಲ್ಟ್ ಅಲ್ಕಲೈನ್ ಹಾಕಿದರೆ ಮೊದಲಿಗೆ ಮೀಟರ್ (ಬೆಳಕು ಅಳೆಯುವ ಭಾಗ) ಹೆಚ್ಚು ಬೆಳಕು ಇದೆಯೆಂದು ಹೇಳುತ್ತದೆ. ಬ್ಯಾಟರಿ ಬಳಸಿದಂತೆ ವೋಲ್ಟೇಜ್ ಇಳಿಯುವುದರಿಂದ ತಪ್ಪೂ ದಿನಕ್ಕೊಂದು ರೀತಿ. ಐಎಸ್‌ಒ (ಫಿಲ್ಮಿನ ಬೆಳಕಿನ ಸಂವೇದನೆ) ಡಯಲ್ ತಿರುಗಿಸಿ ಸರಿಹೊಂದಿಸುತ್ತೇನೆ ಎನ್ನುವುದು ಇಲ್ಲಿ ನಡೆಯದು.

ಎರಡು ದಾರಿ ಇವೆ. ಶ್ರವಣ ಸಾಧನದ 675 ಜಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟನ್ನು ಕೊನೆಯವರೆಗೂ ಸ್ಥಿರವಾಗಿ ಕೊಡುತ್ತದೆ. ಅಗಲ ಕಡಿಮೆ ಇರುವುದರಿಂದ ಸುತ್ತ ರಬ್ಬರ್ ಉಂಗುರ ಹಾಕಿ ನಡುವೆ ಕೂರಿಸಿ. ಅಂಟುಪಟ್ಟಿ ತೆಗೆದ ಮೇಲೆ ಬಳಸಲಿ ಬಿಡಲಿ ಕೆಲವು ವಾರಗಳಲ್ಲಿ ಒಣಗುತ್ತದೆ, ಬ್ಯಾಟರಿ ಮುಚ್ಚಳ ಗಾಳಿಯಾಡದಷ್ಟು ಬಿಗಿಯಾದರೂ ಸೋಲುತ್ತದೆ. ಇನ್ನೊಂದು, ಎಸ್‌ಆರ್44 ಸಿಲ್ವರ್ ಆಕ್ಸೈಡ್ ಸೆಲ್ಲಿನ 1.55 ವೋಲ್ಟನ್ನು ಡಯೋಡ್ ಇರುವ ಅಡಾಪ್ಟರಿನ ಮೂಲಕ ಇಳಿಸುವುದು. ವರ್ಷಗಟ್ಟಲೆ ಬಳಸುವವರಿಗೆ ಇದೇ ಮೇಲು. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಂಥ ಕೆಲವು ಬಾಡಿಗಳ ಮೀಟರ್ ಬ್ರಿಡ್ಜ್ ಸರ್ಕ್ಯೂಟಿನದ್ದು. ವೋಲ್ಟೇಜ್ ತುಸು ಬದಲಾದರೂ ಅದು ತಪ್ಪು ಹೇಳುವುದಿಲ್ಲ, ಅಡಾಪ್ಟರ್ ಖರ್ಚು ಬೇಡ.

ಮೀಟರನ್ನು ಒಂದೇ ಬೆಳಕಿನಲ್ಲಿ ನೋಡಿ ತೀರ್ಮಾನಿಸಬೇಡಿ. ನಂಬಿಕೆಯ ಡಿಜಿಟಲ್ ಕ್ಯಾಮೆರಾ ಜೊತೆ, ಒಂದೇ ಐಎಸ್‌ಒದಲ್ಲಿ, ಬಿಸಿಲು, ನೆರಳು, ಮನೆಯೊಳಗಿನ ಬೆಳಕು ಮೂರರಲ್ಲೂ ಒಂದೇ ಗೋಡೆಗೆ ಹಿಡಿದು ಹೋಲಿಸಿ. ಮೂರರಲ್ಲೂ ಒಂದೇ ಸ್ಟಾಪ್ ವ್ಯತ್ಯಾಸ ಬಂದರೆ ಐಎಸ್‌ಒ ಡಯಲಿನಲ್ಲೇ ಸರಿಮಾಡಿಕೊಳ್ಳಬಹುದು. ಬಿಸಿಲಲ್ಲಿ ಸರಿ, ಒಳಗೆ ಎರಡು ಸ್ಟಾಪ್ ತಪ್ಪು ಎಂದಾದರೆ ಬೆಳಕಿನ ಸೆಲ್ ಮುದಿಯಾಗಿರುವ ಸಾಧ್ಯತೆ ಹೆಚ್ಚು. ಅಂಥ ಬಾಡಿಗೆ ಕೈಯಲ್ಲಿ ಹಿಡಿಯುವ ಮೀಟರೇ ಗತಿ.

ಫೋಮ್ ಬದಲಿಸುವುದು

ಹಿಂಬಾಗಿಲಿನ ಸಂದಿಯಲ್ಲಿ ಬೆಳಕು ತಡೆಯಲು ಇಟ್ಟ ಫೋಮ್ ವರ್ಷಗಳು ಕಳೆದಂತೆ ಅಂಟು ಕೆಸರಾಗುತ್ತದೆ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ಬದಲಿಸಬಹುದು, ಕಂಪನಿಗೆ ಕಳಿಸುವುದು ದುಂದು. ಹಿಂದೆ ಅಂಟು ಇರುವ 1.5 ಮತ್ತು 2 ಮಿ.ಮೀ. ದಪ್ಪದ ಕಪ್ಪು ಫೋಮ್, ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಕಡ್ಡಿ, ಹಲ್ಲುಕಡ್ಡಿ, ಹರಿತ ಬ್ಲೇಡ್, ಸ್ಕೇಲ್ ಇಟ್ಟುಕೊಳ್ಳಿ.

ಮೊದಲು ಶಟರಿನ ಮೇಲೆ ಒಂದು ಕಾಗದ ಮುಚ್ಚಿ. ಹಳೆಯ ಫೋಮಿನ ಒಂದು ತುಣುಕು ಅಲಗುಗಳ ನಡುವೆ ಸೇರಿದರೂ ಶಟರ್ ಕಚ್ಚಿಕೊಳ್ಳುತ್ತದೆ. ಆಲ್ಕೊಹಾಲ್ ಸವರಿ ಎರಡು ನಿಮಿಷ ಬಿಟ್ಟು ಹಲ್ಲುಕಡ್ಡಿಯಿಂದ ಕೆರೆಯಿರಿ. ಲೋಹದ ಕಡ್ಡಿ ಬೇಡ, ಬಣ್ಣ ಎದ್ದರೆ ಅಲ್ಲಿ ಬೆಳಕು ಪ್ರತಿಫಲಿಸುತ್ತದೆ. ಸಂದಿಯನ್ನು ಅಳೆದು ಫೋಮನ್ನು ಅಷ್ಟೇ ಅಗಲಕ್ಕೆ ಕತ್ತರಿಸಿ, ಅಂಟಿನ ಮೇಲೆ ಒಂದು ಹನಿ ನೀರು ಸವರಿ ಕೂರಿಸಿ. ನೀರು ಒಣಗುವವರೆಗೆ ಅದನ್ನು ಹಿಂದೆ ಮುಂದೆ ಸರಿಸಬಹುದು. ಒಣಗಿದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಬಾಗಿಲು ಮುಚ್ಚಲು ಬಲ ಬೇಕಾದರೆ ಫೋಮ್ ದಪ್ಪವಾಯಿತು. ಹಾಗೇ ಬಿಟ್ಟರೆ ಚಿಲಕದ ಮೇಲೆ ಒತ್ತಡ ಬೀಳುತ್ತದೆ, ಪ್ಲಾಸ್ಟಿಕ್ ಚಿಲಕದ ಬಾಡಿಗಳಲ್ಲಿ ಅದೇ ಮುರಿಯುತ್ತದೆ.

ಕನ್ನಡಿಯ ಮೇಲಿನ ಫೋಮ್ ತೆಗೆಯುವಾಗ ಕ್ಯಾಮೆರಾವನ್ನು ತಲೆಕೆಳಗೆ ಹಿಡಿಯಬೇಡಿ, ಹುಡಿ ಫೋಕಸಿಂಗ್ ಸ್ಕ್ರೀನಿನ ಮೇಲೆ ಬೀಳುತ್ತದೆ. ಆ ಸ್ಕ್ರೀನಿಗೆ ಆಲ್ಕೊಹಾಲ್ ತಾಗಿದರೆ ಕಲೆ ಶಾಶ್ವತ. ಒಎಂ-1 ಇದ್ದವರು ಇನ್ನೊಂದು ಜಾಗ ನೋಡಬೇಕು: ವ್ಯೂಫೈಂಡರಿಗೆ ಚಿತ್ರ ತಿರುಗಿಸುವ ಗಾಜಾದ ಪ್ರಿಸಂನ ಮೇಲೂ ಫೋಮ್ ಇದೆ. ಅದು ಕೊಳೆತು ಬೆಳ್ಳಿಯ ಲೇಪವನ್ನು ತಿನ್ನುತ್ತದೆ, ವ್ಯೂಫೈಂಡರಿನಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಮಚ್ಚೆ ಬರುವ ಮೊದಲೇ ಮೇಲಿನ ಮುಚ್ಚಳ ತೆಗೆಸಿ ಆ ಫೋಮನ್ನು ಕಳೆಯಿರಿ. ಬಂದ ಮೇಲೆ ಪ್ರಿಸಂ ಬದಲಿಸುವುದೇ ಮದ್ದು.

ಬಿಚ್ಚುವ ಕೆಲಸಕ್ಕೆ ಇಳಿಯುವವರಿಗೆ ಎರಡು ಎಚ್ಚರಿಕೆ. ಜಪಾನಿನ ಕ್ಯಾಮೆರಾಗಳ ಕ್ರಾಸ್ ಸ್ಕ್ರೂ ಜೆಐಎಸ್ (ಜಪಾನಿನ ಕೈಗಾರಿಕಾ ಮಾನಕ) ಅಳತೆಯದ್ದು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಜಾರಿ ತಲೆ ಸವೆಸುತ್ತದೆ, ಜೆಐಎಸ್ 00 ಮತ್ತು 0 ಕೊಳ್ಳಿ. ಒಳಗೇ ಫ್ಲಾಶ್ ಇರುವ ಬಾಡಿಯನ್ನು ಬಿಚ್ಚಲೇಬೇಡಿ. ಬ್ಯಾಟರಿ ತೆಗೆದರೂ ಕೆಪಾಸಿಟರಿನಲ್ಲಿ 300 ವೋಲ್ಟ್ ಹತ್ತಿರದ ಶಕ್ತಿ ಉಳಿದಿರಬಹುದು.

ಲೆನ್ಸ್

ಲೆನ್ಸಿನ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಕವಲೊಡೆದಿದ್ದರೆ ಬೂಷ್ಟು, ತೆಳು ಮಂಜಿನಂತಿದ್ದರೆ ಎಣ್ಣೆಯ ಆವಿ, ಅಂಚಿನಿಂದ ಕಾಮನಬಿಲ್ಲಿನ ಬಣ್ಣ ಒಳಗೆ ಬರುತ್ತಿದ್ದರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ. ಮೊದಲೆರಡನ್ನು ಬೇಗ ಶುಚಿ ಮಾಡಿಸಿದರೆ ಉಳಿಯುತ್ತದೆ; ಬೂಷ್ಟು ಹಳೆಯದಾದರೆ ಲೇಪವನ್ನು ಕೊರೆದುಬಿಡುತ್ತದೆ, ಆಗ ಒರೆಸಿದರೂ ಗುರುತು ಹೋಗದು. ಅಂಟು ಬಿಟ್ಟದ್ದಕ್ಕೆ ಮನೆಮದ್ದಿಲ್ಲ. ಗಾಜು ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅದು ಥೋರಿಯಂ ಗಾಜು ಬಳಸಿದ ಹಳೆಯ ಸೂಪರ್ ಟಾಕುಮಾರ್ 50 ಎಂಎಂ ಎಫ್/1.4ರಂಥ ಲೆನ್ಸಾದರೆ, ಯುವಿ ದೀಪದ ಕೆಳಗೆ ಹಲವು ದಿನ ಇಟ್ಟರೆ ತಿಳಿಯಾಗುತ್ತದೆ.

ಹಿಂದಿನ ಲಿವರ್ ಒತ್ತಿ ಬಿಡಿ. ಅಪರ್ಚರಿನ ಅಲಗು ಪಟ್ಟನೆ ಮುಚ್ಚಿ ತೆರೆಯಬೇಕು. ತೆವಳಿದರೆ ಅಲಗಿಗೆ ಎಣ್ಣೆ ಹತ್ತಿದೆ. ಅಲಗು ಮುಚ್ಚುವ ಮೊದಲೇ ಶಟರ್ ತೆರೆಯುವುದರಿಂದ ಎಫ್/11, ಎಫ್/16ರಲ್ಲಿ ಮಾತ್ರ ಚಿತ್ರ ಬಿಳಿಚಿಕೊಳ್ಳುತ್ತದೆ. ಎಫ್/2ರಲ್ಲಿ ಎಲ್ಲ ಸರಿ ಇರುತ್ತದೆ. ಎಷ್ಟೋ ಜನ ಮೀಟರನ್ನು ದೂರುವುದು ಈ ಕಾರಣಕ್ಕೇ. ಇಡುವ ಡಬ್ಬಿಯ ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ, ಒಳಗೊಂದು ಅಳತೆಯ ಮೀಟರ್ ಇಡಿ. ಚರ್ಮದ ಕೇಸಿನಲ್ಲಿ ಇಡಬೇಡಿ, ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ.

ಬಾಡಿ ಸತ್ತರೂ ಲೆನ್ಸ್ ಬದುಕುವುದಕ್ಕೆ ಒಂದು ಸರಳ ಲೆಕ್ಕವಿದೆ. ಮೌಂಟಿನಿಂದ ಫಿಲ್ಮಿಗೆ ಇರುವ ದೂರ ನಿಕಾನಿನ ಎಫ್ ಮೌಂಟಿನಲ್ಲಿ 46.5 ಮಿ.ಮೀ., ಡಿಜಿಟಲ್ ಜಡ್ ಮೌಂಟಿನಲ್ಲಿ (ಅಲ್ಲಿ ಸೆನ್ಸರಿಗೆ) 16. ನಡುವಿನ 30.5 ಮಿ.ಮೀ. ಖಾಲಿ ಕೊಳವೆಯೇ ಅಡಾಪ್ಟರ್. 1971ರ ಕ್ಯಾನನ್ ಎಫ್‌ಡಿ ಮೌಂಟಿನದು 42 ಮಿ.ಮೀ., 1987ರ ಇಎಫ್ ಮೌಂಟಿನದು 44. ಹೀಗಾಗಿ ಎಫ್‌ಡಿ ಲೆನ್ಸನ್ನು ಇಎಫ್ ಬಾಡಿಗೆ ಹಾಕಿದರೆ ದೂರದ ವಸ್ತು ಫೋಕಸ್ ಆಗುವುದಿಲ್ಲ. ಗಾಜು ಇರುವ ಅಡಾಪ್ಟರ್ ಬೇಕು, ಅದು ಚಿತ್ರವನ್ನು ಕೆಡಿಸುತ್ತದೆ. ಅದೇ ಎಫ್‌ಡಿ ಲೆನ್ಸ್ 20 ಮಿ.ಮೀ. ದೂರದ ಕ್ಯಾನನ್ ಆರ್‌ಎಫ್ ಬಾಡಿಯಲ್ಲಿ ಸಲೀಸು. ಎಫ್ ಲೆನ್ಸನ್ನು ಜಡ್ ಬಾಡಿಗೆ ಕೂರಿಸುವ ನಿಕಾನಿನ ಎಫ್‌ಟಿಜಡ್ ಅಡಾಪ್ಟರಿನಲ್ಲಿ ಮೋಟಾರಿಲ್ಲ, ಆದ್ದರಿಂದ ಸ್ಕ್ರೂ ಡ್ರೈವ್ ಲೆನ್ಸುಗಳು ಅಲ್ಲಿ ಕೈಫೋಕಸ್ ಮಾತ್ರ.

ಫಿಲ್ಮ್ ಬಾಡಿಗೆಂದು ಈಗ ಲೆನ್ಸ್ ಕೊಳ್ಳುವವರು ಅಕ್ಷರ ನೋಡಿ ಕೊಳ್ಳಿ. ನಿಕಾನಿನ ಜಿ ಲೆನ್ಸಿಗೆ ಅಪರ್ಚರ್ ರಿಂಗ್ ಇಲ್ಲ, ಎಫ್100, ಎಫ್6ರಲ್ಲಿ ಸರಿ, ಎಫ್‌ಎಂ2ರಲ್ಲಿ ಉಪಯೋಗವಿಲ್ಲ. ಇ ಲೆನ್ಸಿನ ಅಪರ್ಚರ್ ಫಿಲ್ಮ್ ಬಾಡಿಗಳಲ್ಲಿ ತೆರೆದೇ ಇರುತ್ತದೆ. ಎಎಫ್-ಪಿ ಎಂದು ಬರೆದ ಲೆನ್ಸ್ ಬೇಡವೇ ಬೇಡ. ಇನ್ನು 1977ಕ್ಕೆ ಮೊದಲಿನ, ರಿಂಗ್ ಮಾರ್ಪಡಿಸದ ಲೆನ್ಸನ್ನು ಎಫ್‌ಎಂ2, ಎಫ್‌ಇ2ಗೆ ಬಲವಂತವಾಗಿ ತಿರುಗಿಸಿದರೆ ಮೌಂಟಿನ ಪಕ್ಕದ ಪುಟ್ಟ ನಾಲಿಗೆ ಮುರಿಯುತ್ತದೆ. ಎಫ್‌ಎಂ, ಎಫ್‌ಇಯಲ್ಲಿ ಅದನ್ನು ಮೇಲಕ್ಕೆ ಮಡಚಬಹುದು.

ದಾನಿ ಬಾಡಿ

ಮೂರನೆಯ ಗುಂಪಿನ ಬಾಡಿ, ಮೋಟಾರಿರುವ ಲೆನ್ಸ್ ಸರ್ವಿಸಿಗೆ ಹೋದ ಮೇಲೆ, ಅದೇ ಮಾಡೆಲಿನ ಇನ್ನೊಂದು ಬಾಡಿಯನ್ನು ಭಾಗಗಳಿಗಾಗಿ ಕೊಂಡಿಡುವ ಯೋಚನೆ ಬರುತ್ತದೆ. ಕೊಳ್ಳಿ, ಆದರೆ ಅದಕ್ಕೂ ನಿಮ್ಮದರಷ್ಟೇ ವಯಸ್ಸು ಎಂಬುದು ನೆನಪಿರಲಿ. ಹಲ್ಲುಚಕ್ರ, ಪ್ರಿಸಂ, ಲಿವರ್, ಮುಚ್ಚಳ, ಬಾಗಿಲು, ಮೌಂಟ್ ಅದರಿಂದ ಸಿಗುತ್ತವೆ. ಎಲ್‌ಸಿಡಿ, ರಬ್ಬರ್, ಕೆಪಾಸಿಟರ್ ಅಲ್ಲೂ ಇಲ್ಲಿಯಷ್ಟೇ ಸವೆದಿರುತ್ತವೆ. ಕಾಯಿಲೆ ಬೇರೆಯಿರುವ ಬಾಡಿ ಹುಡುಕಿ: ನಿಮ್ಮದರ ಶಟರ್ ಕೆಟ್ಟಿದ್ದರೆ ಮೀಟರ್ ಸತ್ತ, ಶಟರ್ ಸರಿಯಿರುವುದು. ನೀರು ಬಿದ್ದದ್ದು, ಬ್ಯಾಟರಿ ಸೋರಿದ್ದು ಎಷ್ಟೇ ಅಗ್ಗವಾದರೂ ಬೇಡ. ಬ್ಯಾಟರಿಯ ಕ್ಷಾರ ತಂತಿಯ ಒಳಗೇ ಹರಿದು ಬೋರ್ಡಿನವರೆಗೆ ತಿಂದಿರುತ್ತದೆ.

ಸರ್ವಿಸಿನಿಂದ ಬಂದ ಬಾಡಿಯನ್ನು ಕಪಾಟಿನಲ್ಲಿ ಪೂಜೆಗಿಟ್ಟರೆ ಎಣ್ಣೆ ಮತ್ತೆ ಕೂರುತ್ತದೆ. ತಿಂಗಳಿಗೊಮ್ಮೆ 1 ಸೆಕೆಂಡಿನಿಂದ 1/1000ದವರೆಗೆ ಪ್ರತಿ ಸ್ಪೀಡನ್ನೂ ಎರಡು ಸಲ ಒತ್ತಿ, ಫೋಕಸ್ ಮತ್ತು ಅಪರ್ಚರ್ ರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ, ಮೋಟಾರಿರುವ ಲೆನ್ಸನ್ನು ಬಾಡಿಗೆ ಹಾಕಿ ಹತ್ತಿರ ದೂರ ಫೋಕಸ್ ಮಾಡಿಸಿ. ಮುಗಿದ ಮೇಲೆ ಶಟರನ್ನು ಬಿಡುಗಡೆ ಮಾಡಿ, ಬ್ಯಾಟರಿ ತೆಗೆದಿಡಿ. ಡಬ್ಬಿಯೊಳಗೆ ಒಂದು ಚೀಟಿ ಇರಲಿ: ಯಾವ ಬ್ಯಾಟರಿ, ಯಾವ ಸ್ಪೀಡಿಗೆ ಎಷ್ಟು ಫ್ರೇಮ್ ಬಂತು, ಯಾವ ತಾರೀಖಿಗೆ ಏನು ಬದಲಿಸಿದ್ದು. ಮುಂದೆ ಈ ಬಾಡಿಯನ್ನು ಬಿಚ್ಚುವ ರಿಪೇರಿಯವರು ಮೊದಲು ಕೇಳುವುದು ಅದನ್ನೇ.